ಮೆನು ಉದ್ದ ಆದಷ್ಟೂ ಕ್ಯೂ ಉದ್ದ

ಹೋದ ವಾರ ಎಲ್ಲರ ಕ್ಲಾಸ್ ವಾಟ್ಸಾಪ್ ಗ್ರೂಪಿಗೂ ಒಂದು ಗೂಗಲ್ ಫಾರ್ಮ್ ಬಂದಿತ್ತು. ‘ಕ್ಯಾಂಟೀನ್‌ನಲ್ಲಿ ಇನ್ನೂ ಏನೇನು ಬೇಕು?’ ಅಂತ ಪ್ರಶ್ನೆ. ಕೆಳಗೆ 24 ಐಟಂಗಳ ಪಟ್ಟಿ: ಪಾಸ್ತಾ, ಮೊಮೊ, ಪನೀರ್ ರೋಲ್, ಕೋಲ್ಡ್ ಕಾಫಿ, ಇನ್ನೂ ಏನೇನೋ. ನಾನೂ ಖುಷಿಯಿಂದ 11ಕ್ಕೆ ಟಿಕ್ ಹಾಕಿ ಕಳಿಸಿದೆ. ಈಗ ಆ ಟಿಕ್‌ಗಳನ್ನೆಲ್ಲ ವಾಪಸ್ ತಗೋಬೇಕು ಅನ್ನಿಸ್ತಿದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ನಮ್ಮ ಕ್ಯಾಂಟೀನಿಗೆ ಹೊಸ ಐಟಂ ಬೇಡ. ಈಗ ಬೋರ್ಡ್ ಮೇಲೆ ಇರೋ 38ರಲ್ಲೇ ಅರ್ಧದಷ್ಟನ್ನು ತೆಗೆಯಬೇಕು.

ಬೈಯೋಕೆ ಮುಂಚೆ ಪೂರ್ತಿ ಓದಿ. ಯಾಕಂದ್ರೆ ವಿಷಯ ಬರೀ ಬಾಯಿರುಚಿಯದ್ದಲ್ಲ. ಈ ಸೆಮಿಸ್ಟರ್ ಕೊನೆಗೆ ಕ್ಯಾಂಟೀನ್ ಗುತ್ತಿಗೆ ಮುಗಿಯುತ್ತೆ. ಫಾರ್ಮ್ ಬಂದ ಮಾರನೇ ದಿನ ನಾನು ಕೌಂಟರ್‌ನಲ್ಲಿ, “ಅಣ್ಣಾ, ಪಾಸ್ತಾ ಶುರು ಮಾಡ್ತೀರಂತೆ?” ಅಂತ ಕೇಳಿದೆ. “ಮಾಡ್ಬೋದಪ್ಪ. ಇರೋದನ್ನೇ ಸಂಭಾಳಿಸೋಕೆ ಆಗ್ತಿಲ್ಲ. ಹೀಗೇ ಆದ್ರೆ ಮುಂದಿನ ವರ್ಷ ನಾನೇ ಇರ್ತೀನೋ ಇಲ್ವೋ” ಅಂದರು. ಬೆಳಿಗ್ಗೆ ಏಳಕ್ಕೇ ಬಿಸಿ ಇಡ್ಲಿ ಕೊಡೋ ಮನುಷ್ಯ ಹೋದರೆ ಮೊದಲು ತೊಂದರೆ ಆಗೋದು ನಮ್ಮ ಹಾಸ್ಟೆಲ್‌ನವರಿಗೇ.

ಅವರ ಮಾತು ನನಗೆ ತಕ್ಷಣ ಅರ್ಥ ಆಗಿದ್ದಕ್ಕೆ ಕಾರಣ ನಮ್ಮ ಕನ್ನಡ ಸಂಘದ್ದೇ ಒಂದು ಸೋಲು. ರಾಜ್ಯೋತ್ಸವದ ದಿನ ನಾವು ಹಾಕಿದ್ದ ತಿಂಡಿ ಸ್ಟಾಲ್ ನೆನಪಿದೆಯಲ್ಲ? ಕರ್ನಾಟಕದ ಎಲ್ಲ ಭಾಗದ ತಿಂಡಿನೂ ಇರಬೇಕು ಅಂತ ಮೀಟಿಂಗ್‌ನಲ್ಲಿ ಕೂಗಾಡಿ ಒಂಬತ್ತು ಐಟಂ ಇಟ್ಟೆವು. ಜೋಳದ ರೊಟ್ಟಿ-ಎಣ್ಣೆಗಾಯಿ, ಮಂಡಕ್ಕಿ-ಮಿರ್ಚಿ, ಪಡ್ಡು, ಹೋಳಿಗೆ, ನಿಪ್ಪಟ್ಟು ಮಸಾಲ, ಪಾನಕ, ಹೀಗೆ. ಪಡ್ಡು ಜವಾಬ್ದಾರಿ ನನ್ನದು. ಒಂದು ಕಾವಲಿ, ಹನ್ನೆರಡು ಗುಳಿ, ಒಂದು ಪ್ಲೇಟಿಗೆ ಆರು. ಒಂದು ಸಲ ಹುಯ್ದು ತೆಗೆಯೋಕೆ ಆರು ನಿಮಿಷ. ಅಂದ್ರೆ ಗಂಟೆಗೆ 20 ಪ್ಲೇಟ್. ಇಷ್ಟು ಸುಲಭದ ಲೆಕ್ಕವನ್ನು ಹಿಂದಿನ ದಿನ ನಮ್ಮಲ್ಲಿ ಒಬ್ಬರೂ ಮಾಡಿರಲಿಲ್ಲ. ಪಡ್ಡುಗೆ ಕಾಯುತ್ತಾ ನಿಂತವರು ಪಕ್ಕದಲ್ಲಿ ರೆಡಿ ಇದ್ದ ಮಂಡಕ್ಕಿಗೂ ಅಡ್ಡ ನಿಂತರು. ಹಿಂದೆ ಇದ್ದವರು ಕ್ಯೂ ನೋಡಿ ಪಕ್ಕದ ಸ್ಟಾಲಿಗೆ ಹೋದರು. ಸಂಜೆಗೆ 70 ರೊಟ್ಟಿ ಮತ್ತು ಅರ್ಧ ಪಾತ್ರೆ ಎಣ್ಣೆಗಾಯಿ ಉಳೀತು. ಲಾಸ್ 3,400 ರೂಪಾಯಿ. ಜನ ಬರಲಿಲ್ಲ ಅಂತ ಲಾಸ್ ಆಗಿದ್ದಲ್ಲ, ಜನ ತುಂಬಿದ್ದಾಗಲೇ ಆಗಿದ್ದು. ಅದೇ ನನಗೆ ತಲೆ ಕೊರೆಯೋಕೆ ಶುರು ಮಾಡಿದ್ದು.

ಈಗ ಕ್ಯಾಂಟೀನಿಗೆ ಬನ್ನಿ. ಬೆಳಗಿನ ಬ್ರೇಕ್ 20 ನಿಮಿಷ. ಹೋದ ಬುಧವಾರ ಮತ್ತು ಗುರುವಾರ ನಾನು ಕ್ಯೂ ಪಕ್ಕ ನಿಂತು ಎಣಿಸಿದೆ. ಬೆಲ್ ಆಗಿ ಐದು ನಿಮಿಷಕ್ಕೆ ಸುಮಾರು 60 ಜನ ನಿಂತಿರ್ತಾರೆ. ಕೌಂಟರ್‌ನಿಂದ ತಟ್ಟೆ ತಗೊಂಡು ಹೊರಗೆ ಬರೋರು ನಿಮಿಷಕ್ಕೆ ನಾಲ್ಕು ಜನ. 60ನ್ನು 4ರಿಂದ ಭಾಗಿಸಿ. ಕೊನೇಲಿ ನಿಂತವನಿಗೆ 15 ನಿಮಿಷ ಕಾಯೋದೇ ಆಯ್ತು, ತಿನ್ನೋದು ಯಾವಾಗ? ಇದನ್ನೇ ಸರಾಸರಿಯ ಭಾಷೆಯಲ್ಲಿ ಹೇಳೋ ಸೂತ್ರಕ್ಕೆ ಲಿಟಲ್ಸ್ ಲಾ ಅಂತಾರೆ. ಜಾನ್ ಲಿಟಲ್ ಅನ್ನೋರು 1961ರಲ್ಲಿ ಅದಕ್ಕೆ ಪುರಾವೆ ಕೊಟ್ಟರು. ಒಳಗೆ ಸಿಕ್ಕಿಹಾಕಿಕೊಂಡಿರೋರ ಸಂಖ್ಯೆ ಅಂದ್ರೆ, ನಿಮಿಷಕ್ಕೆ ಬರೋರ ಸಂಖ್ಯೆ ಗುಣಿಸು ಒಬ್ಬೊಬ್ಬರು ಒಳಗೆ ಕಳೆಯೋ ಸಮಯ. ಪರೀಕ್ಷೆಗೆ ಬರೆಯೋ ಸೂತ್ರ ದಿನಾ ನಮ್ಮ ಹೊಟ್ಟೆಗೇ ಅನ್ವಯ ಆಗ್ತಿದೆ.

“ಒಂದು ಆ್ಯಪ್ ಮಾಡಿದ್ರೆ ಸರಿ ಹೋಗುತ್ತೆ” ಅಂತ ನಮ್ಮಲ್ಲಿ ಕಡೇ ಪಕ್ಷ ಹತ್ತು ಜನ ಹೇಳಿರ್ತಾರೆ. ನಾನೂ ಹೇಳಿದ್ದೆ. ಆದರೆ ನಮ್ಮ ಕ್ಯಾಂಟೀನಿನ ದೋಸೆ ಕಾವಲಿ ಮೇಲೆ ಒಂದು ಸಲಕ್ಕೆ ಆರು ದೋಸೆ, ಅದಕ್ಕೆ ನಾಲ್ಕು ನಿಮಿಷ. 20 ನಿಮಿಷಕ್ಕೆ 30 ದೋಸೆ. ಆ್ಯಪ್‌ನಲ್ಲಿ 80 ಆರ್ಡರ್ ಬಂದರೂ ಕಾವಲಿ ಮೇಲೆ ಬೀಳೋದು 30 ದೋಸೆನೇ. ಕ್ಯೂ ಕೌಂಟರ್‌ನಿಂದ ಫೋನ್ ಒಳಗೆ ಹೋಗುತ್ತೆ ಅಷ್ಟೇ. ಇಡ್ಲಿ, ಖಾರಾಬಾತ್, ಚಿತ್ರಾನ್ನ ಹಾಗಲ್ಲ. ಬೆಲ್ ಆಗೋಕೆ ಮುಂಚೆಯೇ ರೆಡಿ ಇರುತ್ತೆ, ಬಡಿಸೋಕೆ ಹತ್ತು ಸೆಕೆಂಡ್ ಸಾಕು. ಪಾಸ್ತಾ, ಮೊಮೊ, ರೋಲ್ ಎಲ್ಲಾ ಕೇಳಿದ ಮೇಲೆ ಮಾಡೋ ಐಟಂಗಳು. ಒಂದೊಂದು ಸೇರಿಸಿದಾಗಲೂ ಒಲೆ ಹತ್ರ ಒಂದು ಜಾಗ, ಒಬ್ಬ ಮನುಷ್ಯ ಬೇಕು. ನಮ್ಮ ಅಡುಗೆಮನೇಲಿ ಇರೋದು ಐದು ಜನ.

ಇನ್ನು ದುಡ್ಡಿನ ಮಾತು. ಒಂದು ಹೋಟೆಲ್ 100 ರೂಪಾಯಿ ವ್ಯಾಪಾರ ಮಾಡ್ತು ಅಂತ ಇಟ್ಕೊಳ್ಳೋಣ. 40 ದಿನಸಿ, ತರಕಾರಿ, ಹಾಲಿಗೆ. 25 ಸಂಬಳಕ್ಕೆ. 15 ಬಾಡಿಗೆಗೆ. 10 ಗ್ಯಾಸ್, ಕರೆಂಟಿಗೆ. ಉಳಿದದ್ದು 10. ಈಗ ಸಂಜೆ ಐದೇ ರೂಪಾಯಿಯಷ್ಟು ಪದಾರ್ಥ ಹೆಚ್ಚಾಗಿ ಬಕೆಟ್ಟಿಗೆ ಹೋಯ್ತು ಅನ್ನಿ. ವ್ಯಾಪಾರ ಅಷ್ಟೇ ಇದೆ, ಆದರೆ ಲಾಭ ಅರ್ಧಕ್ಕೆ ಇಳೀತು. ಇದು ಬರೀ ಉದಾಹರಣೆ, ಒಂದೊಂದು ಹೋಟೆಲಿಗೂ ಅಂಕಿ ಬೇರೆ ಇರುತ್ತೆ. ಆದರೆ ಲಾಭ ತೆಳ್ಳಗಿರೋ ಕಡೆ ಸಣ್ಣ ವೇಸ್ಟೂ ದೊಡ್ಡ ಪೆಟ್ಟು ಕೊಡುತ್ತೆ ಅನ್ನೋದು ಎಲ್ಲ ಕಡೆಗೂ ಸತ್ಯ. 38 ಐಟಂ ಇದ್ದ ಕಡೆ ಯಾವುದು ಎಷ್ಟು ಹೋಗುತ್ತೆ ಅಂತ ಅಂದಾಜು ಮಾಡೋಕೆ ಆಗಲ್ಲ. ಹತ್ತು ಇದ್ದರೆ ಒಂದು ತಿಂಗಳಲ್ಲಿ ಕೈಗೆ ಲೆಕ್ಕ ಕೂತುಬಿಡುತ್ತೆ.

ಹೋಟೆಲಿನವರ ಖರ್ಚು ನಮ್ಮ ಮನೆ ಖರ್ಚಿನ ಹಾಗೂ ಇರಲ್ಲ. ಮನೆಗೆ ಬರೋದು 14.2 ಕೆಜಿ ಸಿಲಿಂಡರ್, ಅದಕ್ಕೆ ಜಿಎಸ್‌ಟಿ ಶೇ. 5. ಹೋಟೆಲಿನದು 19 ಕೆಜಿ, ಅದಕ್ಕೆ ಶೇ. 18. 2017ರ ನವೆಂಬರ್‌ನಿಂದ ಸಾಮಾನ್ಯ ಹೋಟೆಲುಗಳು ಬಿಲ್ ಮೇಲೆ ಶೇ. 5 ಜಿಎಸ್‌ಟಿ ಹಾಕ್ತವೆ, ಆದರೆ ತಾವು ಕೊಂಡ ಸಾಮಾನಿಗೆ ಕಟ್ಟಿದ ತೆರಿಗೆಯನ್ನು ಅದರಲ್ಲಿ ಕಳೆಯೋ ಹಾಗಿಲ್ಲ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಜಾಸ್ತಿ ಆಯ್ತು. ಕಾಫಿಗೆ ಎರಡು ರೂಪಾಯಿ ಏರಿಸಿದ ತಕ್ಷಣ ನಾವು ಮೀಮ್ ಮಾಡಿ ಹಾಕ್ತೀವಿ. ಬೆಲೆ ಏರಿಸದೇ ಇರೋಕೆ ಅವರ ಕೈಯಲ್ಲಿ ಉಳಿದಿರೋ ದಾರಿ ಎರಡೇ: ವೇಸ್ಟ್ ಕಡಿಮೆ ಮಾಡಬೇಕು, ಇಲ್ಲ ಅದೇ ಸಮಯದಲ್ಲಿ ಇನ್ನೂ ಹೆಚ್ಚು ತಟ್ಟೆ ಕೊಡಬೇಕು. ಉದ್ದ ಮೆನು ಎರಡೂ ದಾರಿ ಮುಚ್ಚುತ್ತೆ.

ಇದೇನು ನಾನು ಕಂಡುಹಿಡಿದ ತತ್ವ ಅಲ್ಲ. ಬೆಂಗಳೂರಿನ ಶಂಕರಪುರದಲ್ಲಿ 1965ರಿಂದ ನಡೀತಿರೋ ಬ್ರಾಹ್ಮಿನ್ಸ್ ಕಾಫಿ ಬಾರ್ ನೋಡಿ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ. ಹೆಚ್ಚುಕಮ್ಮಿ ಅಷ್ಟೇ. ದೋಸೆ ಇಲ್ಲ. ಸಾಂಬಾರೂ ಇಲ್ಲ, ಚಟ್ನಿ ಮಾತ್ರ. ಸಾಂಬಾರ್ ಇಲ್ಲ ಅಂತ ಜನ ಬಿಟ್ಟಿದ್ದಾರಾ? ಚಟ್ನಿಗೋಸ್ಕರನೇ ಹೋಗ್ತಾರೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ ಶುರುವಾಗಿದ್ದು 1940ರ ದಶಕದಲ್ಲಿ, ಹೆಸರೇ ಹೇಳೋ ಹಾಗೆ ಆಗಿನ ವಿದ್ಯಾರ್ಥಿಗಳಿಗೆ. ಇವತ್ತಿಗೂ ಅಲ್ಲಿ ಮೆನು ಚಿಕ್ಕದು, ವಾರಕ್ಕೊಂದು ದಿನ ರಜೆ ಬೇರೆ. 1980ರ ದಶಕದಲ್ಲಿ ಜಯನಗರದ ಕೆಫೆ ದರ್ಶಿನಿಯಿಂದ ಹಬ್ಬಿದ ದರ್ಶಿನಿ ಪದ್ಧತಿಯೂ ಇದೇ ಬುದ್ಧಿಯದ್ದು: ಮೊದಲು ದುಡ್ಡು, ಕೈಗೆ ಟೋಕನ್, ನಿಂತೇ ತಿನ್ನೋದು. ಕುರ್ಚಿ ಇಲ್ಲದ್ದರಿಂದ ಸಣ್ಣ ಜಾಗದಲ್ಲೇ ತುಂಬ ಜನ ಬಂದು ಹೋಗ್ತಾರೆ. ತಟ್ಟೆಗೆ ಸಿಗೋ ಲಾಭ ಕಡಿಮೆ ಇದ್ದರೂ ತಟ್ಟೆಗಳ ಸಂಖ್ಯೆ ಅದನ್ನ ತುಂಬಿಕೊಡುತ್ತೆ.

ನನ್ನ ರೂಮ್‌ಮೇಟ್ ಇದನ್ನೆಲ್ಲ ಕೇಳಿ, “ಶಂಕರಪುರಕ್ಕೆ ಜನ ವಾರಕ್ಕೊಂದು ಸಲ ಹೋಗ್ತಾರೆ ಗುರು. ನಾವು ದಿನಾ ಇಲ್ಲೇ ಸಾಯ್ಬೇಕು. ನಾಲ್ಕು ವರ್ಷ ಅದೇ ಇಡ್ಲಿನಾ?” ಅಂದ. ನ್ಯಾಯವಾದ ಪ್ರಶ್ನೆ. ಬಿಹಾರದಿಂದ, ಅಸ್ಸಾಂನಿಂದ ಬಂದಿರೋ ನಮ್ಮ ಫ್ರೆಂಡ್ಸ್‌ಗೆ ಇಡ್ಲಿ ಮನೆ ಊಟ ಅಲ್ಲ ಅನ್ನೋದೂ ನಿಜ. ವೆರೈಟಿ ಬೇಕು, ಒಪ್ತೀನಿ. ಆದರೆ ವೆರೈಟಿ ಒಂದೇ ದಿನದ ಬೋರ್ಡ್ ಮೇಲೆ ಇರಬೇಕಾಗಿಲ್ಲ, ವಾರದಲ್ಲಿ ಇದ್ದರೆ ಸಾಕು.

ಇದಕ್ಕೂ ಉತ್ತರ ನಮ್ಮ ಹೋಟೆಲುಗಳಲ್ಲೇ ಇದೆ. ಚೌಚೌ ಬಾತ್ ತಟ್ಟೆ ನೋಡಿ. ಒಂದು ಕಡೆ ಖಾರ, ಒಂದು ಕಡೆ ಸಿಹಿ, ಎರಡೂ ರವೆ. ಒಂದೇ ಮೂಟೆಯಿಂದ ಎರಡು ಐಟಂ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾಗ ರವೆಯಲ್ಲಿ ಇಡ್ಲಿ ಮಾಡಿದ್ದೇ ರವೆ ಇಡ್ಲಿ ಆಯ್ತು ಅಂತ ಎಂಟಿಆರ್‌ನವರು ಹೇಳ್ತಾರೆ. ಅಕ್ಕಿ-ಉದ್ದು ಇದ್ದರೆ ಇಡ್ಲಿ, ದೋಸೆ, ಪಡ್ಡು. ಅನ್ನ ಇದ್ದರೆ ಒಂದು ದಿನ ಪುಳಿಯೋಗರೆ, ಒಂದು ದಿನ ಬಿಸಿಬೇಳೆ ಬಾತ್, ಒಂದು ದಿನ ರಾಜ್ಮಾ ಚಾವಲ್. ಮೆನು ಮಾಡುವಾಗ ಐಟಂ ಎಣಿಸಬಾರದು, ಸ್ಟೋರ್ ರೂಮಿನಲ್ಲಿರೋ ಮೂಟೆ ಎಣಿಸಬೇಕು.

ಹಾಗಾಗಿ ನನ್ನ ಪ್ರಸ್ತಾಪ ಇಷ್ಟು. ಬ್ರೇಕ್ ಟೈಮಲ್ಲಿ ಮೊದಲೇ ರೆಡಿ ಇರೋ ಐದಾರು ಐಟಂ ಮಾತ್ರ. ದೋಸೆ ಬೇಕಾದವರಿಗೆ ಬೇರೆ ಸಾಲು, ಬೆಳಿಗ್ಗೆ ಮತ್ತು ಸಂಜೆ ಮಾತ್ರ. ದಿನಕ್ಕೊಂದು ಸ್ಪೆಷಲ್, ಅದರ ವಾರದ ಪಟ್ಟಿ ಭಾನುವಾರವೇ ಗ್ರೂಪಿಗೆ ಬರಲಿ. ಆ್ಯಪ್ ಮಾಡೋ ಆಸೆ ಇರೋರು ದಯವಿಟ್ಟು ಆರ್ಡರ್ ಆ್ಯಪ್ ಬಿಟ್ಟು, ದಿನಾ ಏನು ಎಷ್ಟು ಮಾಡಿದ್ರು, ಎಷ್ಟು ಉಳೀತು ಅಂತ ಬರೆದಿಡೋ ಒಂದು ಶೀಟ್ ಮಾಡಿಕೊಡಿ. ಅದು ಅಣ್ಣನಿಗೆ ನಿಜವಾಗಿ ಉಪಯೋಗಕ್ಕೆ ಬರುತ್ತೆ. ಗುತ್ತಿಗೆ ಮಾತುಕತೆ ಆಗುವಾಗ ಕಾಲೇಜಿನವರ ಮುಂದೆ ಇಡೋಕೂ ಆಗುತ್ತೆ.

ಒಂದು ತಿಂಗಳು ಮಾಡಿ ನೋಡೋಣ. ಕ್ಯೂ ಕಡಿಮೆ ಆಗದಿದ್ದರೆ ಮತ್ತೆ ಫಾರ್ಮ್ ಕಳಿಸಿ, 24ಕ್ಕೂ ನಾನೇ ಟಿಕ್ ಹಾಕ್ತೀನಿ.

ಹಾಂ, ಮುಂದಿನ ರಾಜ್ಯೋತ್ಸವದ ಸ್ಟಾಲಿಗೆ ಮೂರೇ ಐಟಂ. ಪಡ್ಡು ಬೇಕೇ ಬೇಕು ಅನ್ನೋರು ಮನೆಯಿಂದ ಇನ್ನೊಂದು ಕಾವಲಿ ತನ್ನಿ.