ಮಗುವಿನ ಕಾಯಿಲೆಗೆ ತಾಯಿ ಅಪರಾಧಿಯೇ?

ಗೊರಗುಂಟೆಪಾಳ್ಯ, ಪೀಣ್ಯದ ವಠಾರಗಳಲ್ಲಿ ಕಾಯಿಲೆಯ ಮಗು ಹುಟ್ಟಿದರೆ ಮೊದಲು ಬರುವ ಮಾತು: "ಇವಳ ತವರಿನ ರಕ್ತವೇ ಸರಿಯಿಲ್ಲ." ಗಾರ್ಮೆಂಟ್ಸಿನಲ್ಲಿ ದಿನವಿಡೀ ಹೊಲಿಗೆ ಹಾಕಿ ಬಂದವಳು ಇದನ್ನು ಕೇಳಿಕೊಂಡೇ ಒಲೆ ಹಚ್ಚಬೇಕು. ಆಮೇಲೆ, ಚಿಕಿತ್ಸೆಗೆ ತವರಿನಿಂದಲೇ ಹಣ ತಾ ಎಂಬ ಒತ್ತಾಯ. ಆಸ್ಪತ್ರೆಯ ಹೆಸರಿನಲ್ಲಿ ನಡೆಯುವ ವರದಕ್ಷಿಣೆ ವಸೂಲಿಯಲ್ಲದೆ ಇದು ಮತ್ತೇನು?

ಡುಶೆನ್ ಎಂಬ ಸ್ನಾಯುಕ್ಷಯವನ್ನೇ ನೋಡಿ. ಇದು ಅಪರೂಪದ ಕಾಯಿಲೆ, ಹೆಚ್ಚಾಗಿ ಗಂಡುಮಕ್ಕಳಿಗೆ ಬರುವಂಥದ್ದು. ಮೂರು ನಾಲ್ಕು ವರ್ಷದ ಹುಡುಗ ಪದೇ ಪದೇ ಬೀಳುತ್ತಾನೆ. ನೆಲದಿಂದ ಏಳುವಾಗ ತನ್ನ ತೊಡೆಗೇ ಕೈಯೂರಿ ಏಳುತ್ತಾನೆ. ಮೀನಖಂಡ ದಪ್ಪಗಿರುವುದರಿಂದ ಮನೆಯವರು ಗಟ್ಟಿಯಾಗಿದ್ದಾನೆ ಎಂದುಕೊಳ್ಳುತ್ತಾರೆ. ರಕ್ತದಲ್ಲಿ ಸಿಪಿಕೆ ಅಂಶ ಬಹಳ ಏರಿದ್ದರೆ ವೈದ್ಯರಿಗೆ ಅನುಮಾನ. ಜೀನ್ ಪರೀಕ್ಷೆಯಿಂದ ಖಚಿತ. ಪೂರ್ತಿ ಗುಣವಾಗುವುದಿಲ್ಲ. ಸ್ಟೀರಾಯ್ಡ್ ಔಷಧಿ, ವ್ಯಾಯಾಮದಿಂದ ನಡೆದಾಡುವ ಕಾಲವನ್ನು ಒಂದಷ್ಟು ಹೆಚ್ಚಿಸಬಹುದು.

ಈ ದೋಷ ಇರುವುದು ಎಕ್ಸ್ ಕ್ರೋಮೋಸೋಮಿನಲ್ಲಿ. ಹುಡುಗನಿಗೆ ಅದು ಬರುವುದು ತಾಯಿಯಿಂದ. ತಾಯಿ 'ವಾಹಕಿ' ಎಂದು ವರದಿ ಬಂದರೆ ಆ ಕಾಗದವೇ ಅತ್ತೆಮನೆಯಲ್ಲಿ ದೊಣ್ಣೆಯಾಗುತ್ತದೆ. ಆದರೆ ಸುಮಾರು ಮೂರರಲ್ಲೊಂದು ಮಗುವಿನಲ್ಲಿ ದೋಷ ಹೊಸದಾಗಿ ಹುಟ್ಟಿದ್ದು, ತಾಯಿ ವಾಹಕಿಯೇ ಅಲ್ಲ. ವಾಹಕಿಯಾದರೂ ತನಗೆ ಗೊತ್ತೇ ಇಲ್ಲದ್ದಕ್ಕೆ ಅವಳು ಹೊಣೆಯೇ?

ಎಲ್ಲ ವಂಶವಾಹಿ ಕಾಯಿಲೆಯೂ ತಾಯಿಯಿಂದ ಬರುವುದಿಲ್ಲ. ಶಿವಮೊಗ್ಗ ಜಿಲ್ಲೆ ಸಾಗರ ತಾಲ್ಲೂಕಿನ ಹಂದಿಗೋಡು ಕಾಯಿಲೆ ಸೊಂಟ, ಮಂಡಿಗಳನ್ನು ಕೆಡಿಸುತ್ತದೆ. 1970ರ ದಶಕದಲ್ಲಿ ಗದ್ದೆಯ ಏಡಿ ತಿಂದದ್ದರಿಂದ ಎಂಬ ಅನುಮಾನವಿತ್ತು; ಮುಂದೆ ಅದು ವಂಶವಾಹಿ ಎಂದು ತಿಳಿಯಿತು. ಅಲ್ಲಿ ತಂದೆಗಿದ್ದರೂ ತಾಯಿಗಿದ್ದರೂ ಮಗುವಿಗೆ ಬರುವ ಸಾಧ್ಯತೆ ಅರ್ಧಕ್ಕರ್ಧ. ಇನ್ನು ಕೆಲವು ಕಾಯಿಲೆಗಳಿಗೆ ಗಂಡಹೆಂಡಿರಿಬ್ಬರಲ್ಲೂ ದೋಷವಿರಬೇಕು. ಆಗ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲೊಂದು ಸಾಧ್ಯತೆ. ರಕ್ತಸಂಬಂಧದಲ್ಲಿ ಇದು ಹೆಚ್ಚು. ವರದಕ್ಷಿಣೆ ಕೊಡಲಾರದೆ ಸೋದರಮಾವನಿಗೆ ಹುಡುಗಿಯನ್ನು ಕೊಟ್ಟ ಹಿರಿಯರೇ ನಾಳೆ ಅವಳನ್ನು ದೂರುತ್ತಾರಲ್ಲ!

ರೋಗ ಪತ್ತೆಯಾದ ಮೇಲೆ ಆಪ್ತಸಲಹೆ ಬೇಕು. ನಿಮ್ಹಾನ್ಸ್‌ನಲ್ಲಿ ನರ-ಸ್ನಾಯು ರೋಗಗಳ ತಪಾಸಣೆಯಿದೆ. ಅಪರೂಪದ ಕಾಯಿಲೆಗಳಿಗೆ 2021ರ ರಾಷ್ಟ್ರೀಯ ನೀತಿಯಡಿ ಗುರುತಿಸಿದ ಕೇಂದ್ರಗಳಲ್ಲಿ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆ ಸೇರಿವೆ. ಪಟ್ಟಿಯಲ್ಲಿರುವ ಕಾಯಿಲೆಗಳಿಗೆ 50 ಲಕ್ಷ ರೂಪಾಯಿವರೆಗೆ ನೆರವುಂಟು. ಆದರೆ ಒಂದು ದಿನದ ಕೂಲಿ ಬಿಟ್ಟು, ಮಗುವನ್ನು ಎತ್ತಿಕೊಂಡು, ಮೆಜೆಸ್ಟಿಕ್ಕಿನಲ್ಲಿ ಬಸ್ಸು ಬದಲಿಸಿ ಹೋಗುವವಳು ತಾಯಿ. ಗಂಡನಿಗೆ ರಜೆ ಸಿಗುವುದಿಲ್ಲ. ವೈದ್ಯರು ಹೇಳಿದ್ದನ್ನು ಮನೆಯಲ್ಲಿ ಹೇಳಿ ಬೈಸಿಕೊಳ್ಳುವವಳೂ ಅವಳೇ.

ಆದ್ದರಿಂದ ಗಂಡನನ್ನೂ ಕರೆಸಿ ಕನ್ನಡದಲ್ಲಿ ವಿವರಿಸಿ ಎಂದು ಕೇಳಬೇಕು. ಹೆಂಗಸಿನೊಡನೆ ಒಂಟಿಯಾಗಿಯೂ ಮಾತಾಡಲಿ. ಹೊಡೆತದ ಭಯವಿದ್ದರೆ ಅಲ್ಲಿ ಹೇಳಿಕೊಳ್ಳಬಹುದು. ವಾಹಕಿ ಪರೀಕ್ಷೆ ಮಾಡಿಸುವುದು, ಬಿಡುವುದು ಅವಳ ಇಷ್ಟ. ತಂಗಿ ಮದುವೆಗಿದ್ದರೆ ವಿಷಯ ಮೊದಲು ತಂಗಿಗೇ ತಿಳಿಯಬೇಕು, ಗಂಡಿನ ಕಡೆಯವರಿಗಲ್ಲ. ಕಾಯಿಲೆಯ ನೆಪದಲ್ಲಿ ಹೀಯಾಳಿಸುವುದೂ 2005ರ ಕೌಟುಂಬಿಕ ಹಿಂಸೆ ಕಾಯ್ದೆಯಲ್ಲಿ ಹಿಂಸೆಯೇ. ಮುಂದಿನ ಸಲ ಯಾರಾದರೂ ಆಸ್ಪತ್ರೆಗೆ ಹೊರಟರೆ ಸಂಘದಿಂದ ಇಬ್ಬರು ಜೊತೆಗೆ ಹೋಗಿ. ಬಸ್ಸಿನ ದುಡ್ಡು ಉಳಿತಾಯದ ಹಣದಿಂದ ಕೊಡೋಣ.