ಕಿಸೆಯ ಫೋನು ಯಾರ ಕೆಲಸಕ್ಕೆ?

ಭೋಸರಿಯ ಹೋಟೆಲುಗಳಲ್ಲಿ ಮೇಜು ಒರೆಸುವವನಿಂದ ಹಿಡಿದು ಎಂ.ಐ.ಡಿ.ಸಿ. ಕಾರಖಾನೆಯ ಫಿಟ್ಟರನವರೆಗೆ ಇಂದು ನಮ್ಮವರ ಕಿಸೆಯಲ್ಲಿ ಸ್ಮಾರ್ಟ್‌ಫೋನಿದೆ. ಇದು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಮೂರು ಕ್ಯಾಮರಾ ಇದೆಯೆಂದು ಎರಡು ತಿಂಗಳ ಪಗಾರವನ್ನು ಕಂತಿನ ಸಾಲಕ್ಕೆ ಒಪ್ಪಿಸುವುದು ಜಾಣತನವಲ್ಲ.

ನಾವು ಕೇಳುವುದು ಬೇರೆಯೇ ಮಾತು. ಆ ಕ್ಯಾಮರಾ ಎಂದಾದರೂ ನಿಮ್ಮ ಪಗಾರ ಚೀಟಿಯನ್ನು ನೋಡಿದೆಯೇ? ನಮ್ಮ ಗೆಳೆಯನೊಬ್ಬ ಆರು ವರ್ಷ ದುಡಿದ ಹೋಟೆಲನ್ನು ಬಿಟ್ಟ. ಹತ್ತು ಮಂದಿ ದುಡಿಯುವಲ್ಲಿ 5 ವರ್ಷ ತುಂಬಿಸಿದವನಿಗೆ ಗ್ರಾಚುಟಿ ಸಲ್ಲಬೇಕೆಂಬುದು 1972ರಿಂದ ಬಂದ ಕಾಯಿದೆ. ಕೇಳಲು ಹೋದರೆ, “ನೀನು ಇಲ್ಲಿದ್ದುದಕ್ಕೆ ಗುರುತೇನು?” ಎಂದರು. ಅವನ ಫೋನಿನಲ್ಲಿ ಸಾವಿರ ಚಿತ್ರಗಳಿದ್ದವು. ಪಗಾರ ಚೀಟಿಯದು ಒಂದೂ ಇರಲಿಲ್ಲ. ಸಂಘದವರಾದ ನಾವು ಈ ಮಾತನ್ನು ಮೊದಲೇ ಹೇಳಬೇಕಾಗಿತ್ತು.

ಆದುದರಿಂದ ಬಂಧುಗಳೇ, ತಿಂಗಳು ತಿಂಗಳು ಚೀಟಿಯನ್ನು ಬೆಳಕಿನಲ್ಲಿಟ್ಟು, ನೆರಳು ಬೀಳದಂತೆ, ನಾಲ್ಕು ಮೂಲೆಯೂ ಕಾಣುವಂತೆ ಚಿತ್ರ ತೆಗೆಯಿರಿ. ಒಂದು ಪ್ರತಿ ಊರಿನ ಮನೆಗೆ ಕಳಿಸಿರಿ. ಫೋನು ಹೋದರೂ ಲೆಕ್ಕ ಉಳಿಯುತ್ತದೆ. ಭವಿಷ್ಯನಿಧಿಗೆ ಹಣ ತುಂಬಿದರೋ ಇಲ್ಲವೋ ಎಂಬುದನ್ನು ಉಮಂಗ್ ಆ್ಯಪಿನಲ್ಲಿ ನೀವೇ ನೋಡಿರಿ. *#06# ಒತ್ತಿದರೆ ಬರುವ 15 ಅಂಕಿಗಳನ್ನು ಕಾಗದದ ಮೇಲೆ ಬರೆದಿಡಿರಿ. ಫೋನು ಕಳುವಾದರೆ ಪೊಲೀಸು ದೂರು ಕೊಟ್ಟು, 2023ರಲ್ಲಿ ಬಂದ ಸಂಚಾರ ಸಾಥಿಯಲ್ಲಿ ಅದನ್ನು ಬಂದ್ ಮಾಡಿಸಬಹುದು. ಮೋಸದಿಂದ ಹಣ ಹೋದರೆ ತಡಮಾಡದೆ 1930ಕ್ಕೆ ತಿಳಿಸಿರಿ.

ಧಣಿಯ ಲೆಕ್ಕ ಧಣಿಯ ಗಲ್ಲೆಯಲ್ಲಿರಲಿ. ನಮ್ಮ ಲೆಕ್ಕ ನಮ್ಮ ಕಿಸೆಯಲ್ಲಿರಲಿ.