ವಾಚ್‌ಮನ್ ಪಾತ್ರ ಮಾತ್ರವೇ?

ಟಿವಿಗೆ ಕಾಮಿಡಿ ಸ್ಕಿಟ್ ಬರೆಯುವ ಗೆಳೆಯರೇ, ಕಾಲೇಜ್ ಡೇಗೆ ನಾಟಕ ಕಟ್ಟುವ ಹುಡುಗರೇ, ಎದುರು ಕೂತು ಸಿಳ್ಳೆ ಹೊಡೆಯುವ ನನ್ನಂಥವರೇ, ಒಂದು ಮಾತು ಕೇಳುತ್ತೇನೆ. ನಿಮ್ಮ ಸ್ಕಿಟ್ಟಿನಲ್ಲಿ ಡಾಕ್ಟರು, ಲಾಯರು, ಹೀರೋ ಎಲ್ಲರೂ ಬೆಂಗಳೂರು ಕನ್ನಡದವರು. ವಾಚ್‌ಮನ್ ಬಂದ ಕೂಡಲೇ ‘ಏನ್ರೀ ಯಪ್ಪಾ’ ಅನ್ನುತ್ತಾನೆ, ಅಡುಗೆ ಭಟ್ಟ ಬಂದರೆ ‘ಎಂತ ಮಾರಾಯ್ರೆ’. ಜೋಕು ಇನ್ನೂ ಶುರುವೇ ಆಗಿರುವುದಿಲ್ಲ, ಸಭೆ ನಕ್ಕಾಗಿರುತ್ತದೆ. ನಕ್ಕದ್ದು ಯಾವುದಕ್ಕೆ?

ಈ ಪಾಪದಲ್ಲಿ ನನಗೂ ಪಾಲಿದೆ. ನಾನು ಮಂಡ್ಯ ಕಡೆಯವನು. ಬೆಂಗಳೂರಿನ ಹಾಸ್ಟೆಲ್ಲಿಗೆ ಬಂದ ಮೊದಲ ವಾರವೇ ನನ್ನ ‘ಆಲು’, ‘ಅಣ್ಣು’ ಮೆಸ್ಸಿನ ತಮಾಷೆಯಾದವು. (ಹಳಗನ್ನಡದ ಪಾಲು ಹಾಲಾದರೆ ಭಾಷೆಯ ಬೆಳವಣಿಗೆ, ಹಾಲು ಆಲಾದರೆ ಹಳ್ಳಿಗುಗ್ಗು!) ತಪ್ಪಿಸಿಕೊಳ್ಳಲು ನನಗೆ ಸಿಕ್ಕವನು ಕೊಪ್ಪಳದ ರೂಮ್‌ಮೇಟ್. ಅವನ ಹಾಗೆ ಮಾತಾಡಿ ತೋರಿಸಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು, ಅವನೂ ನಕ್ಕ. ಎರಡು ತಿಂಗಳಾದ ಮೇಲೆ ಒಂದು ರಾತ್ರಿ ಕಾರಿಡಾರಿನ ಫೋನಿನಲ್ಲಿ, ನಮಗೆಲ್ಲ ಕೇಳುವ ಹಾಗೆ, ಅವ್ವನಿಗೆ ‘ಊಟ ಆಯ್ತಮ್ಮ’ ಅಂದ. ಆಕೆ ಕೇಳಿದಳಂತೆ: ‘ಯಾರ್ರೀ ಮಾತಾಡಾಕತ್ತೀರಿ?’ ಅದನ್ನೂ ಅವನು ಜೋಕಿನ ಹಾಗೇ ಬಂದು ಹೇಳಿದ. ನಾವು ನಕ್ಕೆವು ಕೂಡ.

ಹಾಗಾದರೆ ಅಣಕವೇ ಕೂಡದೇ? ಛೆ, ಮಿಮಿಕ್ರಿ ಇಲ್ಲದ ಗಣೇಶನ ಹಬ್ಬ ಯಾರಿಗೆ ಬೇಕು! ಜಿ.ಪಿ. ರಾಜರತ್ನಂ ಕನ್ನಡದ ಮೇಷ್ಟರು, ಪದ ಕಟ್ಟಿದ್ದು ಹೆಂಡಕುಡುಕ ರತ್ನನ ಬಾಯಲ್ಲಿ. ಅದು ಅವರ ಮನೆಮಾತಲ್ಲ. ಆದರೂ ರತ್ನ ನಗೆಪಾಟಲಾಗಲಿಲ್ಲ. ಅವನಿಗೆ ಹೆಂಡತಿ ನಂಜಿ ಇದ್ದಳು, ಕನ್ನಡದ ಹುಚ್ಚಿತ್ತು, ಸಂಕಟವಿತ್ತು. ಗಂಗಾವತಿ ಪ್ರಾಣೇಶ್ ಅದೇ ಕೊಪ್ಪಳ ಸೀಮೆಯ ಮಾತಿನಲ್ಲಿ ಸಭೆ ಸಭೆಗಳನ್ನೇ ನಗಿಸುತ್ತಾರೆ. ಅಲ್ಲಿ ಆ ಮಾತು ನಗಿಸುವವರದು.

9ನೇ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳು ಎಂದದ್ದು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಿನ ನಾಡನ್ನು. ಕೊಪಣವೆಂದರೆ ಇಂದಿನ ಕೊಪ್ಪಳ. ಆ ತಿರುಳಿಗೆ ನಾವು ಸೀಟಿ ಕೊಟ್ಟು ಗೇಟಿನಲ್ಲಿ ನಿಲ್ಲಿಸಿದ್ದೇವೆ. ವಾಚ್‌ಮನ್ ಕೆಲಸ ಕೀಳೆಂದಲ್ಲ; ಅದೊಂದನ್ನೇ ಕೊಡುತ್ತೇವಲ್ಲ, ಅದು ಕೀಳು.

ಮುಂದಿನ ಸ್ಕಿಟ್ಟಿನಲ್ಲಿ ಆ ಕನ್ನಡವನ್ನು ಸರ್ಜನ್‌ಗೆ ಕೊಡಿ, ಜಡ್ಜಿಗೆ ಕೊಡಿ, ಹೀರೋಗೆ ಕೈಕೊಟ್ಟು ಹೋಗುವ ಹುಡುಗಿಗೆ ಕೊಡಿ. ಅಣಕಿಸಿ, ಆದರೆ ಕಲಿತು ಅಣಕಿಸಿ: ‘ಐತಿ’ ಯಾವ ಊರಿನದು, ‘ಅದ’ ಯಾವ ಊರಿನದು ಅನ್ನುವಷ್ಟಾದರೂ. ಒಂದೇ ಒಂದು ಪ್ರದರ್ಶನಕ್ಕೆ ಆ ಊರಿನ ತಾಯಂದಿರನ್ನು ಕರೆದು ಮುಂದಿನ ಸಾಲಿನಲ್ಲಿ ಕೂರಿಸಿ. ಲೈಟು ಆರಿಸಬೇಡಿ. ಅವರ ಮುಖ ನೋಡುತ್ತಲೇ ಡೈಲಾಗು ಹೇಳಿ.